ಜಗಲಿಗೊಂದು ನೆಲುವು: ಮ್ಯಾಕ್ರಮೆ ಹ್ಯಾಂಗರ್ ಹೆಣೆದ ನನ್ನ ಅನುಭವ

ನಮ್ಮ ಮನೆ ಕಾರವಾರದಲ್ಲಿ. ಅಂಗಳ ಅಂತ ಇರುವುದು ನಾಲ್ಕು ಹೆಜ್ಜೆ ಜಾಗ. ಅದರಲ್ಲೇ ತುಳಸಿಕಟ್ಟೆ, ಅದರಲ್ಲೇ ಸ್ಕೂಟರ್. ಗಿಡದ ಹುಚ್ಚು ನನಗೆ ತವರಿನಿಂದ ಬಂದದ್ದು. ತವರು ಶಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟದ ಮನೆ. ಅಲ್ಲಿ ಗಿಡ ನೆಡಲು ಯಾರೂ ಜಾಗ ಹುಡುಕುವುದಿಲ್ಲ. ಇಲ್ಲಿ ಕೆಳಗೆ ಜಾಗ ಮುಗಿದಾಗ ನಾನು ತಲೆ ಎತ್ತಿ ನೋಡಿದೆ. ಜಗಲಿಗೆ ಹಂಚಿನ ಮಾಡು, ಗಟ್ಟಿ ತೊಲೆ. ಅಲ್ಲಿಂದ ಕುಂಡ ತೂಗಿಬಿಟ್ಟರೆ ಆಯ್ತಲ್ವಾ ಅನ್ನಿಸಿತು. ಹಾಗೆ ಶುರುವಾಯ್ತು ಮ್ಯಾಕ್ರಮೆ, ಅಂದರೆ ಹುರಿಗೆ ಗಂಟು ಹಾಕಿ ಹೆಣೆಯುವ ಕೆಲಸ.

ಮೊದಲ ಹ್ಯಾಂಗರ್ ಅರ್ಧ ಆದಾಗ ವಿಡಿಯೊ ಕಾಲ್‌ನಲ್ಲಿ ಆಯಿಗೆ, ಅಂದರೆ ಅಮ್ಮನಿಗೆ, ತೋರಿಸಿದೆ. ಅವಳು ಒಂದು ಕ್ಷಣ ನೋಡಿದಳು. "ಇದು ನಮ್ಮ ನೆಲುವೇ ಅಲ್ದನೇ ತಂಗಿ?" ಅಂದಳು.

ನನಗೆ ಅದು ಹೊಳೆದೇ ಇರಲಿಲ್ಲ! ಅಜ್ಜಿಯ ಕಾಲದಲ್ಲಿ ಅಡುಗೆಮನೆಯ ಮಾಡಿನಿಂದ ನೆಲುವು ತೂಗುತ್ತಿತ್ತು. ಹಾಲು, ಮೊಸರು, ಬೆಣ್ಣೆಯ ಗಡಿಗೆಗಳು ಅದರಲ್ಲಿ. ಬೆಕ್ಕಿಗೆ ಎಟುಕಬಾರದು, ಇರುವೆ ಹತ್ತಬಾರದು. ಮೇಲೆ ಒಂದು ಕುಣಿಕೆ, ಅಲ್ಲಿಂದ ಇಳಿದ ಹಗ್ಗದ ಎಳೆಗಳು, ಬುಡದಲ್ಲಿ ಸಿಂಬೆಯಂಥ ಬಳೆ. ಕೃಷ್ಣ ಗೆಳೆಯರ ಹೆಗಲೇರಿ ಬೆಣ್ಣೆ ಕದಿಯುವ ಚಿತ್ರದಲ್ಲಿ ಇರುವುದು ಇದೇ ನೆಲುವು. ಮ್ಯಾಕ್ರಮೆ ಎಂಬ ಹೆಸರು ಅರಬ್ಬಿ ಭಾಷೆಯಿಂದ ಬಂತು ಅನ್ನುತ್ತಾರೆ. ಹಡಗಿನವರು ದೂರದ ಪ್ರಯಾಣದಲ್ಲಿ ಹೊತ್ತು ಹೋಗಲು ಇಂಥ ಗಂಟುಗಳನ್ನು ಹಾಕುತ್ತಿದ್ದರಂತೆ. ಆದರೆ ಮಡಕೆಯನ್ನು ಹಗ್ಗದಲ್ಲಿ ಕೂರಿಸಿ ಮೇಲಿಂದ ತೂಗುವುದು ನಮ್ಮ ಅಡುಗೆಮನೆಗೆ ಗೊತ್ತಿದ್ದ ಕೆಲಸ. ಆಯಿಯ ಮಾತು ಕೇಳಿದ ಮೇಲೆ ನಾನು ಹ್ಯಾಂಗರನ್ನು ನೋಡುವ ರೀತಿಯೇ ಬದಲಾಯ್ತು. ಮೊದಲು ಅದು ಭಾರ ಹೊರಬೇಕು. ಅಂದ ಚೆಂದ ಆಮೇಲೆ.

ಈ ಬುದ್ಧಿ ಪೂರ್ತಿ ತಲೆಗೆ ಹತ್ತಿದ್ದು ಮಾತ್ರ ಒಂದು ಕುಂಡ ಒಡೆದ ಮೇಲೆ. ಮೊದಲ ಹ್ಯಾಂಗರಿಗೆ ಆನ್‌ಲೈನ್‌ನಲ್ಲಿ ಹುರಿ ತರಿಸಿದ್ದೆ. ಪೂರ್ತಿ ಹತ್ತಿ ಅಂತ ಬರೆದಿತ್ತು. ಮುಟ್ಟಿದರೆ ಸ್ವಲ್ಪ ಜಾರುತ್ತಿತ್ತು. ಹೊಸದಲ್ವಾ, ಹಾಗೇ ಇರಬಹುದು ಅಂದುಕೊಂಡೆ. ಹೆಣೆದು, ಜರಿಗಿಡದ ಕುಂಡ ಇಟ್ಟು ತೂಗಿಬಿಟ್ಟೆ. ಮೂರನೇ ದಿನ ಸಂಜೆ ನೀರು ಹಾಕಿದೆ. ರಾತ್ರಿ ಹನ್ನೊಂದರ ಸುಮಾರಿಗೆ ದಡಾರ್ ಅಂತ ಶಬ್ದ. ಬುಡದ ಸುತ್ತು ಜಾರಿ ಎಳೆಗಳು ಬಿಚ್ಚಿಕೊಂಡಿದ್ದವು. ಮಣ್ಣಿನ ಕುಂಡ ಚೂರಾಗಿತ್ತು. ಜರಿಗಿಡ ಉಳಿಯಿತು, ಈಗಲೂ ಇದೆ.

ಮಾರನೇ ದಿನ ಒಂದು ತುಂಡು ಹುರಿಯನ್ನು ದೀಪಕ್ಕೆ ಹಿಡಿದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಬೂದಿಯಾಗಿ ಉದುರುತ್ತದೆ. ಇದು ಕರಗಿ ಕರಿ ಮಣಿಯ ಹಾಗೆ ಗಟ್ಟಿಯಾಯ್ತು. ಪಾಲಿಯೆಸ್ಟರ್ ಬೆರಕೆ. ಆವತ್ತಿನಿಂದ ಯಾವ ಹುರಿ ಬಂದರೂ ಮೊದಲು ಬೆರಳುದ್ದ ಸುಟ್ಟು ನೋಡುತ್ತೇನೆ. ತಟ್ಟೆಯ ಮೇಲೆ, ಪಕ್ಕದಲ್ಲಿ ನೀರು ಇಟ್ಟುಕೊಂಡು.

ಇನ್ನೊಂದು ಕೆಲಸವನ್ನೂ ಆವತ್ತೇ ಮಾಡಿದೆ. ನೀರು ಹಾಕಿದ ಕುಂಡಗಳನ್ನು ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿ ತೂಗಿದೆ. ಆರು ಇಂಚಿನ ಮಣ್ಣಿನ ಕುಂಡ, ಒದ್ದೆ ಮಣ್ಣು, ಗಿಡ ಎಲ್ಲ ಸೇರಿ 3 ಕೆಜಿ 200 ಗ್ರಾಂ. ಅದೇ ಅಳತೆಯ ಪ್ಲಾಸ್ಟಿಕ್ ಕುಂಡ, ಒಳಗೆ ತೆಂಗಿನ ನಾರಿನ ಪುಡಿ ಹಾಕಿದ್ದು, 1 ಕೆಜಿ 400 ಗ್ರಾಂ. ಒಣಗಿದ್ದಾಗ ಕೈಯಲ್ಲಿ ಎತ್ತಿ ನೋಡಿ ಭಾರ ಅಂದಾಜು ಮಾಡಬೇಡಿ. ನೀರು ಕುಡಿದ ಮಣ್ಣಿನ ಭಾರವೇ ಬೇರೆ.

ಈಗ ನಾನು ಹೆಣೆಯುವ ರೀತಿ ಹೇಳುತ್ತೇನೆ. ಹುರಿ 4 ಮಿ.ಮೀ. ದಪ್ಪದ ಹತ್ತಿಯದ್ದು. ಎಲ್ಲರೂ ಎಂಟು ಹುರಿಗಳನ್ನು ಒಂದೇ ಉದ್ದಕ್ಕೆ ಕತ್ತರಿಸಲು ಹೇಳುತ್ತಾರೆ. ನಾನೂ ಮೊದಲು ಹಾಗೇ ಎಂಟಕ್ಕೂ 5 ಮೀಟರ್ ಕತ್ತರಿಸಿದ್ದೆ. ಮುಗಿದಾಗ ಅರ್ಧದಷ್ಟು ಎಳೆಗಳು ಗಿಡ್ಡವಾಗಿದ್ದವು, ಉಳಿದರ್ಧ ನೆಲ ಗುಡಿಸುತ್ತಿದ್ದವು. ಕಾರಣ ಸುಲಭ. ನಾಲ್ಕೆಳೆಯ ಗಂಟಿನಲ್ಲಿ ನಡುವಿನ ಎರಡು ಎಳೆಗಳು ಸುಮ್ನೆ ನೇರ ಇಳಿಯುತ್ತವೆ. ಸುತ್ತುವುದು ಆಚೀಚೆಯ ಎರಡು ಮಾತ್ರ. ಹುರಿ ಖರ್ಚಾಗುವುದು ಅವುಗಳಲ್ಲೇ. ಹಾಗಾಗಿ ಈಗ ನಾಲ್ಕು ಹುರಿ 5 ಮೀಟರಿನವು, ನಾಲ್ಕು ಹುರಿ 3 ಮೀಟರಿನವು. ಒಟ್ಟು 32 ಮೀಟರ್. ಒಂದು ಹ್ಯಾಂಗರಿಗೆ 8 ಮೀಟರ್ ಉಳಿಯುತ್ತದೆ. ಇದಲ್ಲದೆ ಸುತ್ತು ಹಾಕಲು ಒಂದೊಂದು ಮೀಟರಿನ ಎರಡು ತುಂಡು. 3 ಮೀಟರಿಗಿಂತ ಕಡಿಮೆ ಮಾಡಲು ಹೋಗಬೇಡಿ. ಕೆಳಗೆ ಬಲೆಯ ಭಾಗದಲ್ಲಿ ಈ ಗಿಡ್ಡ ಎಳೆಗಳೇ ಹೊರಗೆ ಬಂದು ಸುತ್ತುವ ಕೆಲಸ ಮಾಡಬೇಕು. ಅದು ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೇಲೆ ತೂಗುಹಾಕುವ ಬಳೆಯಾಗಿ ನಾನು ಹಳೆಯ ತೊಟ್ಟಿಲ ಸರಪಳಿಯ ಹಿತ್ತಾಳೆ ಬಳೆ ಹಾಕಿದ್ದೇನೆ. ಸಮುದ್ರದ ಗಾಳಿಗೆ ಕಬ್ಬಿಣ ನಿಲ್ಲುವುದಿಲ್ಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಇಳಿದು ಬಿಳಿ ಹುರಿಯ ಮೇಲೆ ಕಂದು ಕಲೆ. ಅದು ತೊಳೆದರೆ ಹೋಗುವುದಿಲ್ಲ. ಹಿತ್ತಾಳೆ, ಸ್ಟೀಲ್ ಅಥವಾ ಮರದ ಬಳೆ ಇರಲಿ. ತೊಲೆಗೆ ಹೊಡೆಯುವ ಕೊಂಡಿಯೂ ಸ್ಟೀಲಿನದ್ದೇ ಆಗಲಿ.

ಎಂಟು ಹುರಿಗಳನ್ನೂ ಮಧ್ಯಕ್ಕೆ ಮಡಚಿ ಬಳೆಯೊಳಗೆ ತೂರಿಸಿದರೆ ಹದಿನಾರು ಎಳೆ. ಬಳೆಯ ಕೆಳಗೇ ಒಂದು ಬಿಗಿ ಸುತ್ತು, ಅದನ್ನು ಹಾಕುವ ರೀತಿ ಮುಂದೆ ಬುಡದ ಸುತ್ತಿನಲ್ಲಿ ಹೇಳುತ್ತೇನೆ. ಆಮೇಲೆ ನಾಲ್ಕು ಪಾಲು ಮಾಡಿ. ಒಂದೊಂದು ಪಾಲಿನಲ್ಲೂ ಎರಡು ಉದ್ದದ ಎಳೆ ಹೊರಗೆ, ಎರಡು ಗಿಡ್ಡ ಎಳೆ ಒಳಗೆ.

ಗಂಟು ಕಲಿಯುವುದು ಕಷ್ಟವಲ್ಲ. ಎಡದ ಎಳೆಯನ್ನು ನಡುವಿನ ಎರಡರ ಮೇಲೆ ತನ್ನಿ, ಬಲದ ಎಳೆಯ ಕೆಳಗೆ ಹಾಕಿ. ಬಲದ ಎಳೆಯನ್ನು ನಡುವಿನವುಗಳ ಹಿಂದಿನಿಂದ ತಂದು ಎಡದ ಕುಣಿಕೆಯಿಂದ ಮೇಲೆ ತೆಗೆಯಿರಿ. ಎಳೆಯಿರಿ. ಇದು ಅರ್ಧಗಂಟು. ಇದನ್ನೇ ಪ್ರತಿ ಸಲ ಎಡದಿಂದಲೇ ಶುರು ಮಾಡಿದರೆ ನಾಲ್ಕೈದು ಗಂಟಾಗುವಷ್ಟರಲ್ಲಿ ಹೆಣಿಗೆ ತಾನಾಗಿಯೇ ತಿರುಚಲು ಶುರುವಾಗುತ್ತದೆ. ಅದನ್ನು ತಡೆಯಬೇಡಿ, ಅದು ತಿರುಗಿದ ಕಡೆ ನೀವೂ ತಿರುಗಿಸಿಕೊಳ್ಳಿ. ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಹಾಕಿದರೆ ಚಪ್ಪಟೆ ಪಟ್ಟಿ ಬರುತ್ತದೆ. ಹೀಗೆ ಹಾಕಿದ ಎರಡು ಅರ್ಧಗಂಟಿನ ಜೋಡಿಗೆ ಸ್ಕ್ವೇರ್ ನಾಟ್ ಅನ್ನುತ್ತಾರೆ. ನಡುವೆ ಫೋನ್ ಬಂದು ಎದ್ದು ಹೋದರೆ ಯಾವ ಕಡೆಯಿಂದ ಶುರು ಮಾಡಬೇಕು ಎಂಬುದು ಮರೆತುಹೋಗುತ್ತದೆ. ಹೆಣಿಗೆಯನ್ನೇ ನೋಡಿ. ಪೂರ್ತಿ ಸ್ಕ್ವೇರ್ ನಾಟ್ ಆದಾಗ ಒಂದು ಅಂಚಿನಲ್ಲಿ ಅಕ್ಕಿ ಕಾಳಿನಂತೆ ಉದ್ದಕ್ಕೆ ಒಂದು ಉಬ್ಬು ಇರುತ್ತದೆ. ಉಬ್ಬು ಇದ್ದ ಕಡೆಯಿಂದಲೇ ಮುಂದಿನ ಗಂಟು.

ನಾನು ಒಂದೊಂದು ಪಾಲಿಗೆ 30 ಅರ್ಧಗಂಟು ಹಾಕುತ್ತೇನೆ. ಸುಮಾರು ಒಂದು ಗೇಣು ಉದ್ದ ಬರುತ್ತದೆ. ಇಲ್ಲಿ ಉದ್ದ ಅಳೆಯುವುದಕ್ಕಿಂತ ಗಂಟು ಎಣಿಸುವುದು ಒಳ್ಳೆಯದು. ಎಣಿಸಿದ ಮೇಲೂ ನಾಲ್ಕು ಪಾಲು ಸಮ ಬಂದಿಲ್ಲ ಅಂದರೆ ಕೈಬಿಗಿ ಬೇರೆ ಬೇರೆ ಆಗಿದೆ ಅಂತ ಅರ್ಥ. ಬೆಳಿಗ್ಗೆಯ ಕೈ ಒಂದು, ರಾತ್ರಿ ಸುಸ್ತಾದ ಕೈ ಒಂದು. ಅದಕ್ಕೇ ನಾನು ಈ ನಾಲ್ಕು ತಿರುಚುಗಳನ್ನು ಒಂದೇ ಸಲ ಕೂತು ಮುಗಿಸುತ್ತೇನೆ.

ಮುಂದಿನದು ಕುಂಡ ಕೂರುವ ಬಲೆ. ಇದನ್ನು ನನಗೆ ಸರಿಯಾಗಿ ಕಲಿಸಿದವರು ಇಲ್ಲೇ ಕಾರವಾರದ ಬೈತಖೋಲ ಬಂದರಿನಲ್ಲಿ ಮೀನಿನ ಬಲೆ ರಿಪೇರಿ ಮಾಡುವ ಒಬ್ಬ ಅಣ್ಣ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ಬಲೆ ಬಿಚ್ಚಿ ಹರಡಿಕೊಂಡು ಕೂತಿರುತ್ತಾರೆ. ನನ್ನ ಹ್ಯಾಂಗರ್ ತೆಗೆದುಕೊಂಡು ಹೋಗಿ, ಕುಂಡ ಒಂದು ಕಡೆ ವಾಲುತ್ತದೆ, ಯಾಕೆ ಅಂತ ಕೇಳಿದೆ. ಅವರು ಬಲೆಯ ಒಂದೊಂದು ಎಳೆಯನ್ನೂ ಎಳೆದು ನೋಡಿದರು.

"ಕಣ್ಣು ಒಂದೇ ಅಳತೆ ಇಲ್ಲ ಅಕ್ಕೋರೆ. ಕಣ್ಣಂದಾಜಿನಲ್ಲಿ ಹಾಕಿದ್ರಾ?"

ಹೌದು ಅಂದೆ. ಅವರು ಪಕ್ಕದಲ್ಲಿದ್ದ ಒಂದು ಚಪ್ಪಟೆ ಪಟ್ಟಿ ತೋರಿಸಿದರು. ಬಳಸಿ ಬಳಸಿ ಅಂಚು ನುಣುಪಾಗಿತ್ತು. ಬಲೆಯ ಪ್ರತಿ ಕಣ್ಣನ್ನೂ ಅದರ ಮೇಲೆ ಸುತ್ತಿ ಗಂಟು ಹಾಕುತ್ತಾರೆ. ಅಷ್ಟು ವರ್ಷ ಕೈ ಪಳಗಿದವರೇ ಪಟ್ಟಿ ಬಿಡುವುದಿಲ್ಲ. ನಾನು ಮನೆಗೆ ಬಂದು ರಟ್ಟಿನಲ್ಲಿ ಎರಡು ಪಟ್ಟಿ ಕತ್ತರಿಸಿದೆ. ಒಂದು 10 ಸೆಂ.ಮೀ., ಇನ್ನೊಂದು 8 ಸೆಂ.ಮೀ. ಆಮೇಲೆ ನನ್ನ ಯಾವ ಕುಂಡವೂ ವಾಲಿಲ್ಲ.

ಆರು ಇಂಚಿನ ಕುಂಡಕ್ಕೆ ನನ್ನ ಅಳತೆ ಹೀಗೆ. ತಿರುಚು ಮುಗಿದಲ್ಲಿಂದ 10 ಸೆಂ.ಮೀ. ಬಿಟ್ಟು, ಒಂದು ಪಾಲಿನ ಬಲದ ಎರಡು ಎಳೆ, ಪಕ್ಕದ ಪಾಲಿನ ಎಡದ ಎರಡು ಎಳೆ ಸೇರಿಸಿ ಎರಡು ಸ್ಕ್ವೇರ್ ನಾಟ್. ಹೀಗೆ ಸುತ್ತಲೂ ನಾಲ್ಕು ಕಡೆ. ಇಲ್ಲಿ ನೋಡಿ, ಇಷ್ಟು ಹೊತ್ತು ಹೊರಗಿದ್ದ ಉದ್ದದ ಎಳೆಗಳು ನಡುವೆ ಬಂದವು, ಗಿಡ್ಡ ಎಳೆಗಳು ಆಚೀಚೆ ಹೋದವು. ಆಗಲೇ ಹೇಳಿದ್ದು ಇದನ್ನೇ. ಮತ್ತೆ 8 ಸೆಂ.ಮೀ. ಕೆಳಗೆ ಇನ್ನೊಂದು ಸಾಲು, ಪುನಃ ಪಕ್ಕದವರ ಜೊತೆ ಕೂಡಿಸಿ. ಅಲ್ಲಿಂದ 8 ಸೆಂ.ಮೀ. ಕೆಳಗೆ ಹದಿನಾರೂ ಎಳೆ ಒಂದೇ ಕಡೆ ಸೇರುತ್ತವೆ.

ಕುಂಡ ಬಿದ್ದದ್ದು ಈ ಜಾಗದ ತಪ್ಪಿನಿಂದ. ಹಾಗಾಗಿ ಇಲ್ಲಿ ನಾನು ಅವಸರ ಮಾಡುವುದಿಲ್ಲ. ಮೊದಲು ಹೊರಗಿನ ನಾಲ್ಕು ಎಳೆಗಳನ್ನು ಎಡಕ್ಕೆರಡು ಬಲಕ್ಕೆರಡು ಹಿಡಿದು, ಉಳಿದ ಹನ್ನೆರಡರ ಸುತ್ತ ಒಂದು ಸ್ಕ್ವೇರ್ ನಾಟ್ ಬಿಗಿಯುತ್ತೇನೆ. ಅದರ ಮೇಲೆ ಸುತ್ತು. ಒಂದು ಮೀಟರಿನ ತುಂಡನ್ನು ಕುಣಿಕೆ ಮಾಡಿ ಕಟ್ಟಿನ ಮೇಲೆ ಇಡಿ. ಕುಣಿಕೆಯ ಬಾಗು ಕೆಳಗೆ, ಗಿಡ್ಡ ತುದಿ ಮೇಲೆ. ಉದ್ದದ ತುದಿಯನ್ನು ಮೇಲಿನಿಂದ ಕೆಳಕ್ಕೆ ಒತ್ತೊತ್ತಾಗಿ ಎಂಟು ಸುತ್ತು ಸುತ್ತಿ. ಪ್ರತಿ ಸುತ್ತಿಗೂ ಹೆಬ್ಬೆರಳಿನಲ್ಲಿ ಒತ್ತಿ ಹಿಡಿಯಬೇಕು. ಕೊನೆಗೆ ಆ ತುದಿಯನ್ನು ಕೆಳಗಿನ ಕುಣಿಕೆಯೊಳಗೆ ತೂರಿಸಿ, ಮೇಲಿನ ತುದಿಯನ್ನು ನಿಧಾನಕ್ಕೆ ಎಳೆಯಿರಿ. ಕುಣಿಕೆ ಸುತ್ತಿನೊಳಗೆ ಹೋಗುತ್ತದೆ. ಮಧ್ಯಕ್ಕೆ ಬಂದದ್ದು ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಜಾಸ್ತಿ ಎಳೆದರೆ ಮೇಲಿನಿಂದ ಹೊರಗೆ ಬಂದು ಇಡೀ ಸುತ್ತು ಸಡಿಲ. ಸರಿಯಾದ ಸುತ್ತನ್ನು ಉಗುರಿನಿಂದ ತಳ್ಳಿದರೂ ಅಲುಗುವುದಿಲ್ಲ.

ಕುಚ್ಚನ್ನು ಆಗಲೇ ಕತ್ತರಿಸಬೇಡಿ. ಒಂದು ವಾರ ಕುಂಡ ತುಂಬಿಸಿ ತೂಗಿ. ಹೊಸ ಹತ್ತಿ ಭಾರಕ್ಕೆ ಹಿಗ್ಗುತ್ತದೆ. ನನ್ನದು ಎರಡು ಬೆರಳಿನಷ್ಟು ಇಳಿದಿತ್ತು. ಹಿಗ್ಗಿ ನಿಂತ ಮೇಲೆ ಕುಚ್ಚು ಸಮ ಮಾಡಿ.

ಮಳೆಗಾಲದ ಮಾತು ಬೇರೆಯೇ. ನಮ್ಮ ಕರಾವಳಿಯಲ್ಲಿ ಜೂನ್ ಬಂದರೆ ಬಟ್ಟೆಯೇ ಒಣಗುವುದಿಲ್ಲ. ಹತ್ತಿ ಹುರಿ ಹೇಗೆ ಒಣಗಬೇಕು? ಮೊದಲ ವರ್ಷ ಜಗಲಿಯ ಅಂಚಿನಲ್ಲಿದ್ದ ಹ್ಯಾಂಗರಿನ ಗಂಟಿನ ಸಂದಿಯಲ್ಲಿ ಹಸಿರು, ಆಮೇಲೆ ಕಪ್ಪು ಬೂಸ್ಟು ಹಿಡಿಯಿತು. ಬುಡದ ಸುತ್ತಿನ ಹತ್ತಿರ ಎಳೆ ಕೊಳೆತು ಮೆತ್ತಗಾಗಿತ್ತು. ಈಗ ಮೇ ಕೊನೆಗೆ ಹತ್ತಿಯವನ್ನೆಲ್ಲ ಒಳಗೆ ತರುತ್ತೇನೆ. ಒಳಗೂ ಕುಂಡದ ಕೆಳಗೆ ಒಂದು ತಟ್ಟೆ ಇಟ್ಟು, ಅದರ ಸಮೇತ ಬಲೆಯಲ್ಲಿ ಕೂರಿಸುತ್ತೇನೆ. ನೀರು ಗಂಟಿಗೆ ಇಳಿಯಬಾರದು.

ಹೊರಗೆ ತೂಗಲು ಬಲೆ ಸಾಮಾನಿನ ಅಂಗಡಿಯ 3 ಮಿ.ಮೀ. ಪ್ಲಾಸ್ಟಿಕ್ ಹಗ್ಗ ತಂದು ಹೆಣೆದಿದ್ದೇನೆ. ಮಳೆಗೆ ಅದಕ್ಕೆ ಏನೂ ಆಗುವುದಿಲ್ಲ. ಆದರೆ ಜಾರುತ್ತದೆ, ಹಾಗಾಗಿ ಬುಡದಲ್ಲಿ ಎರಡು ಸ್ಕ್ವೇರ್ ನಾಟ್ ಬೇಕು. ತುದಿಗಳನ್ನು ಮೇಣದಬತ್ತಿಗೆ ಹಿಡಿದು ಕರಗಿಸಿ ಮುಚ್ಚಬೇಕು. ಬಿಸಿಲಿಗೆ ಇದು ಪೆಡಸಾಗುತ್ತದೆ. ಬಾಗಿಸಿದಾಗ ಪುಡಿ ಉದುರಿದರೆ ಬದಲಾಯಿಸುವ ಹೊತ್ತು ಬಂತು ಅಂತ. ತೆಂಗಿನ ನಾರಿನ ಹಗ್ಗದಲ್ಲೂ ಮಾಡಿ ನೋಡಿದೆ. ಕೈ ಕೆರೆಯುತ್ತದೆ, ಸಣ್ಣ ಗಂಟು ಕೂರುವುದಿಲ್ಲ. ನನಗೆ ಇಷ್ಟವಾಗಲಿಲ್ಲ.

ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಒಂದು ಚಿಕ್ಕ ಹ್ಯಾಂಗರ್. ತವರಿನಲ್ಲಿ ಗಾಳಿಗೆ ಮಾವಿನ ಕೊಂಬೆ ಮುರಿದು ಬಿದ್ದಿತ್ತು. ಅದರಲ್ಲಿ ಸೀತಾಳೆ ದಂಡೆ ಇತ್ತು, ಮರದ ಮೇಲೆ ಬೆಳೆಯುವ ಒಂದು ಆರ್ಕಿಡ್. ಕೊಂಬೆಯನ್ನು ಒಲೆಗೆ ಹಾಕುವ ಮೊದಲು ಬೇರು ಸಮೇತ ಬಿಡಿಸಿ ತಂದೆ. ತೆಂಗಿನಕಾಯಿ ಸಿಪ್ಪೆಯ ಮೇಲೆ ಕೂರಿಸಿ, ಅದೇ ಪ್ಲಾಸ್ಟಿಕ್ ಹಗ್ಗದಲ್ಲಿ ಅಗಲ ಕಣ್ಣಿನ ಬಲೆ ಹೆಣೆದು ತೂಗಿದೆ. ಅದಕ್ಕೆ ಮಣ್ಣು ಬೇಡ, ಕುಂಡ ಬೇಡ, ಗಾಳಿ, ಬೆಳಕು, ತೇವ ಇದ್ದರೆ ಸಾಕು. ಒಂದು ವರ್ಷ ಸುಮ್ಮನಿತ್ತು. ಎರಡನೇ ವರ್ಷ ಮಳೆ ಶುರುವಾಗುವ ಹೊತ್ತಿಗೆ ಬಲೆಯ ಕಣ್ಣಿನಿಂದಲೇ ಒಂದು ದಂಡೆ ಇಳಿಯಿತು, ಬಿಳಿ ಮತ್ತು ನೇರಳೆ. ಜಗಲಿಗೆ ಬಂದವರೆಲ್ಲ ಅದರ ಕೆಳಗೆ ನಿಂತು ನೋಡಿ ಹೋದರು.

ಕಳೆದ ಸಲ ತವರಿಗೆ ಹೋದಾಗ ಆಯಿಗೂ ಒಂದು ಹೆಣೆದುಕೊಟ್ಟೆ, ಬೆಣ್ಣೆ ಗಡಿಗೆಗೆ. ಹಳೆ ನೆಲುವಿನ ಕೊಂಡಿ ಅಡುಗೆಮನೆಯ ತೊಲೆಯಲ್ಲಿ ಇನ್ನೂ ಹಾಗೇ ಇತ್ತು. ಅದಕ್ಕೇ ಸಿಕ್ಕಿಸಿದೆ. ಆಯಿ ಗಡಿಗೆ ಇಟ್ಟು, ಕೈಯಲ್ಲಿ ಒಮ್ಮೆ ತೂಗಿ ನೋಡಿ, ಕತ್ತರಿ ತಂದು ಕೊಟ್ಟಳು.

"ಕುಚ್ಚು ಬ್ಯಾಡ ತಂಗಿ. ಬೆಕ್ಕು ಜೋತಾಡ್ತು."

ಸುತ್ತಿನ ಕೆಳಗೆ ಎರಡು ಬೆರಳು ಬಿಟ್ಟು ಕತ್ತರಿಸಿದೆ.