ಕೆಂಪು ಬಣ್ಣದ ಪಟ್ಟಿ: ಮಕ್ಕಳ ಅಂಕಗಳನ್ನು ನಾನು ಬಳಸಿದ ಬಗೆ

ನಾನು ಸರಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. 2018–19ನೇ ಸಾಲಿನಲ್ಲಿ ಎಸ್‌ಎಸ್‌ಎಲ್‌ಸಿ ಪೂರ್ವಸಿದ್ಧತಾ ಪರೀಕ್ಷೆ ಮುಗಿದ ವಾರ, ಹತ್ತನೆಯ ತರಗತಿಯ 52 ಮಕ್ಕಳ ಅಂಕಗಳನ್ನು ಎಕ್ಸೆಲ್‌ನಲ್ಲಿ ತುಂಬಿ, ಲಿಖಿತ ಪರೀಕ್ಷೆಯ 80ರಲ್ಲಿ 28 ಅಂಕ ಬಾರದವರ ಹೆಸರುಗಳಿಗೆ ಕೆಂಪು ಬಣ್ಣ ತುಂಬಿ, ಆ ಹಾಳೆಯನ್ನು ತರಗತಿಯ ಗೋಡೆಗೆ ಅಂಟಿಸಿದವನು ನಾನೇ. ಅದರ ಫೋಟೊ ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೂ ಹೋಯಿತು. ಯಾರಿಗೆ ಹೆಚ್ಚಿನ ಪಾಠ ಬೇಕು ಎಂಬುದು ಎಲ್ಲರಿಗೂ ತಿಳಿದಿದ್ದರೆ ಒಳ್ಳೆಯದು ಎಂದು ಆಗ ನಿಜಕ್ಕೂ ನಂಬಿದ್ದೆ. ಮೂರನೆಯ ದಿನಕ್ಕೆ ಮಕ್ಕಳು ತಮ್ಮತಮ್ಮಲ್ಲೇ ‘ಕೆಂಪು ಬ್ಯಾಚು’ ಎಂದು ಕರೆದುಕೊಳ್ಳತೊಡಗಿದ್ದರು. ಆ ಬ್ಯಾಚಿನ ಹುಡುಗನೊಬ್ಬ ಸಂಜೆಯ ವಿಶೇಷ ತರಗತಿಗೆ ಬರುವುದನ್ನೇ ಬಿಟ್ಟ. ಕರೆದು ಕೇಳಿದಾಗ, “ಸಂಜೆ ಉಳಿದ್ರೆ ಕೆಂಪಿನೋನು ಅಂತ ಊರಿಗೆಲ್ಲ ಗೊತ್ತಾಗುತ್ತೆ ಸರ್” ಎಂದ.

ಪಟ್ಟಿಯ ಇನ್ನೊಂದು ಕೆಡುಕು ನನಗೆ ತಡವಾಗಿ ಕಂಡಿತು. ಹಿಂದುಳಿದ ಮಕ್ಕಳನ್ನು ಶಿಕ್ಷಕರು ‘ದತ್ತು’ ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿದೆ. ನಾವೆಲ್ಲ 20ರಿಂದ 27 ಅಂಕ ಬಂದವರನ್ನೇ ಮೊದಲು ಆರಿಸಿಕೊಂಡಿದ್ದೆವು, ಏಕೆಂದರೆ ಸ್ವಲ್ಪ ನೂಕಿದರೆ ಅವರು ಗಡಿ ದಾಟುತ್ತಾರೆ, ಶಾಲೆಯ ಶೇಕಡಾವಾರು ಫಲಿತಾಂಶ ಏರುತ್ತದೆ. ಏಳೋ ಎಂಟೋ ಅಂಕ ಬಂದ ಆರು ಮಕ್ಕಳು ಕೊನೆಗೆ ಯಾರ ಪಾಲಿಗೂ ಬಂದಿರಲಿಲ್ಲ. ಯಾರೂ ಕೆಟ್ಟ ಮನಸ್ಸಿನಿಂದ ಹಾಗೆ ಮಾಡಿದವರಲ್ಲ. ಅಂಕಗಳನ್ನು ಇಳಿಕೆಯ ಕ್ರಮದಲ್ಲಿ ಜೋಡಿಸಿ ಇಟ್ಟಮೇಲೆ ಕಣ್ಣು ತಾನಾಗಿ ಗಡಿಯ ಬಳಿ ನಿಲ್ಲುತ್ತದೆ.

ಮರುವರ್ಷ ಹೆಸರು ತೆಗೆದು ಹಾಜರಿ ಸಂಖ್ಯೆ ಮಾತ್ರ ಹಾಕಿದೆ. ಅದು ಒಂದು ಗಂಟೆಯೂ ಉಳಿಯಲಿಲ್ಲ. ದಿನಾ ಬೆಳಿಗ್ಗೆ ಹಾಜರಿ ಕೂಗುವುದನ್ನು ಕೇಳುವ ಮಕ್ಕಳಿಗೆ ಹದಿನೇಳು ಯಾರು, ಮೂವತ್ತೊಂದು ಯಾರು ಎಂಬುದು ಬಾಯಿಪಾಠ. ಆಮೇಲೆ ಪಟ್ಟಿ ಅಂಟಿಸುವುದನ್ನೇ ಬಿಟ್ಟು, ಪ್ರತಿ ಮಗುವಿಗೂ ಅದರದೇ ಒಂದು ಚೀಟಿ ಕೊಡತೊಡಗಿದೆ. ಅದರಲ್ಲಿ ಒಟ್ಟು ಅಂಕಕ್ಕಿಂತ ಮುಖ್ಯವಾಗಿ, ಸಮಾಂತರ ಶ್ರೇಢಿಯಲ್ಲಿ ಎಡವಿದ್ದೆಲ್ಲಿ, ತ್ರಿಕೋನಮಿತಿಯಲ್ಲಿ ಬಿಟ್ಟದ್ದೇನು ಎಂದು ಅಧ್ಯಾಯವಾರು ಬರೆದಿರುತ್ತೇನೆ. ಸಂಜೆಯ ಗುಂಪುಗಳೂ ಅಧ್ಯಾಯದ ಹೆಸರಿನವು. ಎಪ್ಪತ್ತು ಅಂಕದ ಹುಡುಗಿಯೂ ಹತ್ತು ಅಂಕದ ಹುಡುಗನೂ ‘ವೃತ್ತಗಳು’ ಗುಂಪಿನಲ್ಲಿ ಒಟ್ಟಿಗೆ ಕೂರುವುದರಿಂದ, ಸಂಜೆ ಉಳಿದವರನ್ನು ನೋಡಿ ಯಾರೂ ಏನನ್ನೂ ಊಹಿಸಲಾರರು.

ಹೀಗೆ ಬಿಡಿಸಿ ನೋಡತೊಡಗಿದ ಮೇಲೆ ಅಂಕಗಳು ಬೇರೆಯದೇ ಸಂಗತಿ ಹೇಳಿದವು. ಮನೆಯಲ್ಲಿ ಲಂಬಾಣಿ ಮಾತಾಡುವ ಮೂವರು ಮಕ್ಕಳು ಸಮೀಕರಣವನ್ನು ಸರಿಯಾಗಿ ಬಿಡಿಸುತ್ತಿದ್ದರು, ಆದರೆ ಹೇಳಿಕೆಯ ರೂಪದ ಲೆಕ್ಕಗಳನ್ನು ಮುಟ್ಟುತ್ತಲೇ ಇರಲಿಲ್ಲ. ಅವರ ತೊಡಕು ಪಠ್ಯದ ಕನ್ನಡದಲ್ಲಿತ್ತು, ಗಣಿತದಲ್ಲಿರಲಿಲ್ಲ. ಮಕ್ಕಳ ವಿವರ ತುಂಬುವ ಶಿಕ್ಷಣ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲಿ ಮಾತೃಭಾಷೆಯ ಕಾಲಂ ಇದ್ದೇ ಇತ್ತು. ಅದನ್ನು ತುಂಬಿದ ನಾವು ಒಮ್ಮೆಯೂ ಅದರಿಂದ ಏನನ್ನೂ ಕಲಿತಿರಲಿಲ್ಲ. ಹಾಗೆಯೇ ಹಾಜರಿ ಪುಸ್ತಕವನ್ನು ವಾರದ ದಿನಗಳಿಗೆ ಹೊಂದಿಸಿ ನೋಡಿದಾಗ ಒಬ್ಬ ಹುಡುಗಿ ಸಂತೆಯ ದಿನ ಮಾತ್ರ ತಪ್ಪಿಸುವುದು ಕಂಡಿತು. ತರಗತಿಯಲ್ಲಿ ಎಬ್ಬಿಸಿ ಕೇಳಲಿಲ್ಲ. ಅವಳ ತಾಯಿ ತರಕಾರಿ ಮಾರಲು ಹೋಗುವ ದಿನ ಚಿಕ್ಕ ತಮ್ಮನನ್ನು ನೋಡಿಕೊಳ್ಳಬೇಕಿತ್ತು ಎಂಬುದು ತಾಯಿಯೇ ಹೇಳಿದ ಮಾತು. ಆ ದಿನದ ಗಣಿತದ ಅವಧಿಯನ್ನು ಬೇರೆ ದಿನಕ್ಕೆ ಬದಲಾಯಿಸಿದೆವು. ಕಾರಣವನ್ನು ಮಾತ್ರ ಎಲ್ಲಿಯೂ ಬರೆದಿಡಲಿಲ್ಲ.

ಜಾತಿಯ ಕಾಲಂ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕಾಯಿತು. ಮೇಲಿನ ಕಚೇರಿಗಳು ವರ್ಗವಾರು ಫಲಿತಾಂಶ ಕೇಳುತ್ತವೆ, ಕೇಳಬೇಕಾದದ್ದೂ ಹೌದು, ಏಕೆಂದರೆ ಯಾವ ಸಮುದಾಯದ ಮಕ್ಕಳು ಹಿಂದೆ ಬೀಳುತ್ತಿದ್ದಾರೆಂದು ತಿಳಿಯದೆ ಸವಲತ್ತು ತಲುಪಿಸುವುದು ಕಷ್ಟ. ಆದರೆ ಅದೇ ಕೋಷ್ಟಕವನ್ನು ಪೋಷಕರಿರುವ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಓದಿದರೆ ಏನಾಗುತ್ತದೆ ನೋಡಿ: ತರಗತಿಯಲ್ಲಿ ಪರಿಶಿಷ್ಟ ಪಂಗಡದ ಮಕ್ಕಳು ಇಬ್ಬರೇ ಇದ್ದು, ‘ಶೇ. 50 ಅನುತ್ತೀರ್ಣ’ ಎಂದರೆ ಹೆಸರು ಹೇಳಿದಂತೆಯೇ ಆಯಿತು. ಹಾಗಾಗಿ ಐದಕ್ಕಿಂತ ಕಡಿಮೆ ಮಕ್ಕಳಿರುವ ಯಾವ ಅಂಕಿಯನ್ನೂ ಸಭೆಯಲ್ಲಿ ಓದುವುದಿಲ್ಲ ಎಂದು ಗೊತ್ತುಮಾಡಿಕೊಂಡೆ. ಐದು ಎಂಬುದು ನಮ್ಮ ಶಾಲೆಯ ಗಾತ್ರ ನೋಡಿ ನಾನೇ ಇಟ್ಟುಕೊಂಡ ಮಿತಿ. ವಿದ್ಯಾರ್ಥಿವೇತನದ ಅರ್ಜಿಯ ಕಾಲದಲ್ಲಿ “ಎಸ್ಸಿ, ಎಸ್ಟಿ ಮಕ್ಕಳು ಎದ್ದು ನಿಲ್ಲಿ” ಎನ್ನುವ ಹಳೆಯ ರೂಢಿಯನ್ನು ನಿಲ್ಲಿಸಿ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕೆಂಬ ಸೂಚನೆಯನ್ನು ಮಡಚಿದ ಚೀಟಿಯಲ್ಲಿ ಮನೆಗೆ ಕಳಿಸುವಂತೆ ಮಾಡಿದ್ದಕ್ಕೆ ಸಹೋದ್ಯೋಗಿಗಳ ಗೊಣಗಾಟ ಬಹಳ ಕೇಳಬೇಕಾಯಿತು. ಎರಡು ನಿಮಿಷದ ಕೆಲಸಕ್ಕೆ ಎರಡು ದಿನ ಹಿಡಿಯುತ್ತದೆ ಎಂಬ ಅವರ ಮಾತು ಸುಳ್ಳೇನಲ್ಲ.

ಕಾನೂನು ನನ್ನ ತಪ್ಪಿನ ಹಿಂದಿನಿಂದ ಬಂದಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದವರೆಲ್ಲರನ್ನೂ ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆಯನ್ನು ಮುಂದಿಡುತ್ತದೆ. ಶಾಲೆಗಳಿಗೆ ಕೆಲವು ವಿನಾಯಿತಿಗಳಿಗೂ ಅಲ್ಲಿ ಅವಕಾಶವಿದೆ. ಪ್ರತಿ ವಿದ್ಯಾರ್ಥಿಯ ಶೈಕ್ಷಣಿಕ ದಾಖಲೆಗಳನ್ನು ಒಟ್ಟುಗೂಡಿಸುವ ಕೇಂದ್ರ ಸರಕಾರದ ‘ಅಪಾರ್’ ಗುರುತಿನ ಸಂಖ್ಯೆಯ ಒಪ್ಪಿಗೆ ಪತ್ರ ಬಂದಾಗ, ಸಹಿ ಹಾಕಿಸಿಕೊಂಡು ಕಳಿಸಿಬಿಡದೆ ಪೋಷಕರ ಸಭೆಯಲ್ಲಿ ಪೂರ್ತಿ ಓದಿ, ಇದು ಸ್ವಯಂಪ್ರೇರಿತ ಎಂಬ ಸಾಲನ್ನು ಎರಡು ಸಲ ಹೇಳಿದೆ. “ಸಹಿ ಹಾಕದಿದ್ರೆ ಮಗೂನ ಪರೀಕ್ಷೆಗೆ ಕೂರಿಸಲ್ವಾ ಸರ್?” ಎಂದು ಒಬ್ಬ ತಂದೆ ಕೇಳಿದರು. ಅವರ ಭಯವೇ ಆ ಕಾಗದಕ್ಕೆ ಸಹಿ ಹಾಕಿಸುತ್ತಿತ್ತು ಎಂಬುದು ಆಗ ಅರಿವಾಯಿತು.

ದಾಖಲಾತಿ ವಹಿಯನ್ನು ಶಾಶ್ವತವಾಗಿ ಇಡಲೇಬೇಕು. ಪೂರ್ವಸಿದ್ಧತಾ ಪರೀಕ್ಷೆಯ ಈ ನನ್ನ ಹಾಳೆಗಳಿಗೆ ಅಂಥ ಆಯುಷ್ಯ ಬೇಕಿಲ್ಲ. ಅಂತಿಮ ಫಲಿತಾಂಶ ಬಂದು ತಿಂಗಳಾದ ಮೇಲೆ ಕಂಪ್ಯೂಟರಿನಿಂದಲೂ ಪೆನ್‌ಡ್ರೈವಿನಿಂದಲೂ ಅಳಿಸುತ್ತೇನೆ. 2019ರ ಆ ಫೋಟೊ ಮಾತ್ರ ಯಾವ ಯಾವ ಪೋಷಕರ ಫೋನಿನಲ್ಲಿ ಉಳಿದಿದೆಯೋ, ಅದನ್ನು ಅಳಿಸುವ ದಾರಿ ನನ್ನ ಬಳಿ ಇಲ್ಲ. ಸಂಜೆ ಬರುವುದನ್ನು ಬಿಟ್ಟಿದ್ದ ಆ ಹುಡುಗ ಆ ವರ್ಷ ಗಣಿತದಲ್ಲಿ ಉಳಿದ; ಜೂನ್‌ನ ಪೂರಕ ಪರೀಕ್ಷೆಗೆ ಅವನನ್ನು ಅವನ ಮನೆಯ ಜಗಲಿಯಲ್ಲೇ ಕೂತು ತಯಾರು ಮಾಡಿದೆ.