ಬಾಯ್ನ್ ಕಣಿವೆಯ ಕೆತ್ತನೆಗಲ್ಲುಗಳನ್ನು ನೋಡುವ ಬಗೆ

ಐರ್ಲೆಂಡಿನ ಬಾಯ್ನ್ ನದಿಯ ದಂಡೆಯಲ್ಲಿರುವ ನ್ಯೂಗ್ರೇಂಜ್, ನೌತ್ ಮತ್ತು ಡೌತ್ ಎಂಬ ಸಮಾಧಿ ದಿಬ್ಬಗಳು ಗೀಜಾದ ಪಿರಮಿಡ್ಡುಗಳಿಗಿಂತ ಹಳೆಯವು, ನ್ಯೂಗ್ರೇಂಜ್ ಕ್ರಿ.ಪೂ. 3200ರ ಸುಮಾರಿನದು. ಡಬ್ಲಿನ್‌ನಿಂದ ಸುಮಾರು 50 ಕಿಲೋಮೀಟರ್ ದೂರವಾದ್ದರಿಂದ ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದು. ಆದರೆ ನ್ಯೂಗ್ರೇಂಜ್, ನೌತ್‌ಗಳಿಗೆ ನೇರವಾಗಿ ಹೋಗುವಂತಿಲ್ಲ. ನದಿಯ ದಕ್ಷಿಣಕ್ಕಿರುವ ಬ್ರೂ ನ ಬೋಯ್ನ್ಯ ಎಂಬ ಸಂದರ್ಶಕ ಕೇಂದ್ರದಿಂದ ಕಾಲುಸೇತುವೆ ದಾಟಿ, ಅಲ್ಲಿಯ ಬಸ್ಸಿನಲ್ಲೇ ಹೋಗಬೇಕು. ಟಿಕೆಟನ್ನು ಮುಂಗಡವಾಗಿ ಕಾಯ್ದಿರಿಸುವಾಗ ಅದರಲ್ಲಿ ಯಾವ ದಿಬ್ಬಗಳು ಸೇರಿವೆ, ಒಳಪ್ರವೇಶ ಇದೆಯೇ ಎಂಬುದನ್ನು ಗಮನಿಸಿ.

ನ್ಯೂಗ್ರೇಂಜ್‌ನಲ್ಲಿ ಬಾಗಿಲ ಮುಂದೆ ಅಡ್ಡಲಾಗಿ ಮಲಗಿರುವ ಕಲ್ಲಿನ ಎದುರು ಸಾಕಷ್ಟು ಹೊತ್ತು ನಿಲ್ಲಿ. ಎಡಬದಿಯಲ್ಲಿ ಮೂರು ಸುರುಳಿಗಳು ಒಂದಕ್ಕೊಂದು ಹೆಣೆದುಕೊಂಡಿವೆ, ಬಲಬದಿಯಲ್ಲಿ ವಜ್ರಾಕೃತಿಗಳಿವೆ, ನಡುವೆ ಮೇಲಿನಿಂದ ಇಳಿದ ನೇರ ಗೀರೊಂದು ಬಾಗಿಲಿಗೆ ಸಮನಾಗಿದೆ. ಲೋಹವಿಲ್ಲದ ಕಾಲದಲ್ಲಿ ಗಟ್ಟಿ ಕಲ್ಲಿನ ಮೊನೆಯಿಂದ ಕುಟ್ಟಿ ಕುಟ್ಟಿ ಮಾಡಿದ ಕೆಲಸವಿದು. ಹತ್ತಿರದಿಂದ ನೋಡಿದರೆ ಗೆರೆಗಳು ಸಣ್ಣ ಗುಳಿಗಳ ಸಾಲಾಗಿ ಬಿಡಿಬಿಡಿಯಾಗಿ ಕಾಣುತ್ತವೆ. ಓರೆ ಬಿಸಿಲಿನಲ್ಲಿ ಅವು ಎದ್ದು ಕಾಣುವುದರಿಂದ ಬೆಳಗಿನ ಮೊದಲ ಅಥವಾ ದಿನದ ಕೊನೆಯ ತಂಡವನ್ನೇ ಆರಿಸಿಕೊಳ್ಳುವುದು ಮೇಲು. ದಿಬ್ಬದ ಬುಡದ ಸುತ್ತ ಸಾಲಾಗಿ ಇಟ್ಟ ಅಂಚುಗಲ್ಲುಗಳಲ್ಲಿ ಹಿಂಬದಿಯಲ್ಲಿರುವ 52ನೆಯದನ್ನು ಅನೇಕರು ನೋಡದೆಯೇ ಹೊರಟುಬಿಡುತ್ತಾರೆ. ನನ್ನ ಮಟ್ಟಿಗೆ ಅದು ಬಾಗಿಲ ಮುಂದಿನ ಕಲ್ಲಿಗೆ ಸರಿಸಮಾನವಾದುದು. ಮುಂಭಾಗದ ಬಿಳಿ ಬೆಣಚುಕಲ್ಲಿನ ಗೋಡೆ ಮಾತ್ರ ಉತ್ಖನನದ ನಂತರದ ಪುನರ್ನಿರ್ಮಾಣ. ಮೂಲದಲ್ಲಿ ಅದು ಹೀಗೇ ಇತ್ತೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಒಳದಾರಿ ಸುಮಾರು 19 ಮೀಟರ್ ಉದ್ದವಿದ್ದು, ಕೆಲವೆಡೆ ಬಗ್ಗಿ, ಮೈಯನ್ನು ಓರೆಮಾಡಿಕೊಂಡೇ ಸಾಗಬೇಕು. ಇಕ್ಕಟ್ಟು ಜಾಗದಲ್ಲಿ ಉಸಿರುಗಟ್ಟುವವರು ಹೊರಗೇ ಉಳಿಯುವುದು ಒಳ್ಳೆಯದು. ಚೀಲ ಬೆನ್ನಿಗಿರಬಾರದು, ಕೆತ್ತನೆಗಳನ್ನು ಮುಟ್ಟಬಾರದು, ಒಳಗೆ ಛಾಯಾಚಿತ್ರಕ್ಕೆ ಅವಕಾಶವಿಲ್ಲ. ಒಳದಾರಿಯ ಕೊನೆಯ ಕೋಣೆಯಲ್ಲಿ ತಲೆಯೆತ್ತಿ ನೋಡಿ: ಚಪ್ಪಡಿಗಳನ್ನು ಒಂದರ ಮೇಲೊಂದು ತುಸುವೇ ಮುಂಚಾಚಿ, ಗಾರೆಯಿಲ್ಲದೆ ಪೇರಿಸಿದ ಈ ಮಾಡು ಐದು ಸಾವಿರ ವರ್ಷಗಳಾದರೂ ಕುಸಿದಿಲ್ಲ. ಒಳದಾರಿಯ ನೆಲ ಏರುತ್ತ ಹೋಗುವುದರಿಂದ ಬಾಗಿಲಿನಿಂದ ಬರುವ ಬಿಸಿಲು ಕೋಣೆಯನ್ನು ಮುಟ್ಟದು. ಅದಕ್ಕೆಂದೇ ಬಾಗಿಲ ಮೇಲೆ ಕಿಂಡಿಯೊಂದನ್ನು ಬಿಟ್ಟಿದ್ದಾರೆ. ಡಿಸೆಂಬರ್ 21ರ ಆಸುಪಾಸಿನ ಸೂರ್ಯೋದಯದಲ್ಲಿ ಅದರಿಂದ ನುಗ್ಗುವ ಬೆಳಕು ಸುಮಾರು 17 ನಿಮಿಷ ಒಳಗಿರುತ್ತದೆ. ಪುರಾತತ್ತ್ವಜ್ಞ ಎಂ. ಜೆ. ಓ'ಕೆಲ್ಲಿ 1967ರಲ್ಲಿ ಇದನ್ನು ಕಣ್ಣಾರೆ ಕಂಡರು. ಆ ಮುಂಜಾವುಗಳ ಪ್ರವೇಶ ಲಾಟರಿಯಿಂದ ನಿರ್ಧಾರವಾಗುತ್ತದೆ. ಉಳಿದ ದಿನಗಳಲ್ಲಿ ಮಾರ್ಗದರ್ಶಿಗಳು ವಿದ್ಯುತ್ ದೀಪದಿಂದ ಅದನ್ನು ತೋರಿಸುತ್ತಾರೆ.

ಕೆತ್ತನೆಗಾಗಿಯೇ ಬರುವವರು ನೌತ್‌ಗೆ ಹೆಚ್ಚು ಸಮಯ ಇಟ್ಟುಕೊಳ್ಳಬೇಕು. ಅದರ ಒಳದಾರಿಗಳಿಗೆ ಸಂದರ್ಶಕರನ್ನು ಬಿಡುವುದಿಲ್ಲವಾದರೂ, ದೊಡ್ಡ ದಿಬ್ಬದ ಸುತ್ತಲಿನ ಅಂಚುಗಲ್ಲುಗಳಲ್ಲಿ ಸುರುಳಿ, ಅರ್ಧಚಂದ್ರ, ಅಲೆಗೆರೆಗಳು ತೆರೆದ ಬೆಳಕಿನಲ್ಲೇ ಸಿಗುತ್ತವೆ. ಅವುಗಳ ಅರ್ಥವನ್ನು ಖಚಿತವಾಗಿ ಹೇಳುವವರ ಮಾತನ್ನು ನಂಬುವ ಅಗತ್ಯವಿಲ್ಲ. ಇನ್ನೊಂದು ದಿನ ಸಿಕ್ಕರೆ ಇದೇ ಮೀತ್ ಕೌಂಟಿಯ ಲಾಕ್‌ಕ್ರೂ ಬೆಟ್ಟ ಹತ್ತಿ; ಅಲ್ಲಿಯ ‘ಟಿ’ ಎಂದು ಗುರುತಿಸಿರುವ ಸಮಾಧಿಯ ಒಳಗೆ, ಹಿಂಬದಿಯ ಕಲ್ಲಿನ ಕೆತ್ತನೆಯ ಮೇಲೆ ಹಗಲಿರುಳು ಸಮವಾಗುವ ದಿನಗಳ ಮುಂಜಾನೆ ಬಿಸಿಲು ಬೀಳುತ್ತದೆ. ಅದರ ಒಳಭಾಗ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿ, ಒದ್ದೆ ಹುಲ್ಲಿನಲ್ಲಿ ಜಾರದ ಬೂಟು ಧರಿಸಿ ಹೋಗಿ.