ಹಾರ್ಟ್ ಸುತ್ತ ಕೂತ ಕೊಬ್ಬಿಗೆ ಎಷ್ಟು ನಡೆಯಬೇಕು?

ಬೆಳಿಗ್ಗೆ ಏಳೂವರೆಗೆ ಲಾಲ್‌ಬಾಗ್ ಪಶ್ಚಿಮ ಗೇಟಿನ ಹತ್ತಿರ ಸುಮ್ನೆ ನಿಂತು ನೋಡಿ. ವಾಕಿಂಗ್ ಮುಗಿಸಿದವರ ಗುಂಪು ನೇರ ಹೋಟೆಲಿಗೆ ಹೋಗುತ್ತದೆ. ಎರಡು ಇಡ್ಲಿ, ಒಂದು ವಡೆ, ಬೈ-ಟು ಕಾಫಿ, ಸಕ್ಕರೆ "ಸ್ವಲ್ಪ" ಹಾಕಿ. ಆ ಗುಂಪಿನಲ್ಲಿ ನಾನೂ ಎರಡು ವರ್ಷ ಇದ್ದೆ. ಶುಗರ್ ಇಳಿಯಲಿಲ್ಲ, ಹೊಟ್ಟೆಯೂ ಇಳಿಯಲಿಲ್ಲ.

ರಕ್ತನಾಳದ ಒಳಗೆ ಕಟ್ಟಿಕೊಳ್ಳುವ ಕೊಲೆಸ್ಟ್ರಾಲ್ ಬೇರೆ, ನಾನು ಹೇಳುತ್ತಿರುವ ಕೊಬ್ಬು ಬೇರೆ. ಟೈಪ್ 2 ಡಯಾಬಿಟಿಸ್‌ನಲ್ಲಿ ಇನ್ಸುಲಿನ್ ಹೇಳಿದ ಮಾತನ್ನು ದೇಹ ಸರಿಯಾಗಿ ಕೇಳುವುದಿಲ್ಲ, ಹಾಗಾಗಿ ರಕ್ತದಲ್ಲಿ ಕೊಬ್ಬು ಜಾಸ್ತಿ ಓಡಾಡುತ್ತದೆ, ಚರ್ಮದ ಕೆಳಗೆ ಹಿಡಿಸದೆ ಉಳಿದದ್ದು ಲಿವರ್‌ನಲ್ಲಿ, ಕರುಳಿನ ಸುತ್ತ, ಹಾರ್ಟ್ ಸುತ್ತ ಹೋಗಿ ಕೂರುತ್ತದೆ. ಕನ್ನಡಿಯಲ್ಲಿ ಇದು ಕಾಣಲ್ಲ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಅಲ್ವಾ? ತೂಕ ಬಿಡಿ, ಟೇಪ್ ಹಿಡಿದು ಸೊಂಟ ಅಳೆಯಿರಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಿದರೆ ಒಳಗೂ ಕೊಬ್ಬು ಸೇರಿದೆ ಅಂತಲೇ ಲೆಕ್ಕ.

ಇದು ಕರಗುತ್ತದಾ? ನೆದರ್ಲ್ಯಾಂಡ್ಸ್‌ನ ಲೈಡನ್‌ನಲ್ಲಿ ವೈದ್ಯರು ಟೈಪ್ 2 ಇರುವ 12 ಜನರಿಗೆ ಆರು ತಿಂಗಳು ವ್ಯಾಯಾಮ ಮಾಡಿಸಿ, ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಎಂಆರ್‌ಐ ತೆಗೆದರು. 2013ರಲ್ಲಿ ಅದರ ವರದಿ ಬಂತು. ವಾರಕ್ಕೆ ಮೂರೂವರೆಯಿಂದ ಆರು ಗಂಟೆ, ಕೊನೆಗೆ 12 ದಿನದ ಟ್ರೆಕ್ಕಿಂಗ್ ಬೇರೆ. ಹೊಟ್ಟೆಯೊಳಗಿನದು, ಲಿವರ್‌ನದು, ಹಾರ್ಟ್ ಸುತ್ತಲಿನದು, ಮೂರೂ ಇಳಿದಿತ್ತು. ಹಾರ್ಟ್ ಪಂಪ್ ಮಾಡುವ ಶಕ್ತಿ ಮಾತ್ರ ಇದ್ದ ಹಾಗೇ ಇತ್ತು. 12 ಜನ ಅಂದರೆ ಸಣ್ಣ ಲೆಕ್ಕ, ಒಪ್ಪುತ್ತೇನೆ. ಆದರೆ ನನ್ನ ಕಣ್ಣಿಗೆ ಬಿದ್ದದ್ದು ಆ ಆರು ತಿಂಗಳು. ನಾವು ಮೂರನೇ ವಾರಕ್ಕೇ ಕೈ ಬಿಡುತ್ತೇವೆ.

ಶುರು ಮಾಡುವ ಮುಂಚೆ ಡಾಕ್ಟರ್‌ಗೆ ತೋರಿಸಿ. ಶುಗರ್ ಇರುವವರಿಗೆ ಹಾರ್ಟ್ ತೊಂದರೆ ಎದೆನೋವು ಇಲ್ಲದೆಯೂ ಬರಬಹುದು. ಏಕಾಏಕಿ ಏದುಸಿರು, ತಣ್ಣನೆ ಬೆವರು, ದವಡೆಯಲ್ಲಿ ನೋವು, ಇಂಥದ್ದು ಬಂದರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಮೊದಲ ವಾರ ಊಟ ಆದಮೇಲೆ ಹತ್ತು ನಿಮಿಷ ನಡೆದರೆ ಸಾಕು, ಮನೆ ಮುಂದಿನ ರಸ್ತೆಯಲ್ಲೇ. ಆಮೇಲೆ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ, ಅಂದರೆ 150 ನಿಮಿಷ. ಅಲ್ಲಿಂದ ನಿಧಾನವಾಗಿ ಏರಿಸಿ. ಎರಡು ದಿನ ಸತತ ತಪ್ಪಿಸಬೇಡಿ. ವೇಗ ಎಷ್ಟು ಅಂದರೆ, ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ರಿಯಲ್ ಎಸ್ಟೇಟ್ ಮಾತಾಡುತ್ತಾ ಕೈ ಹಿಂದೆ ಕಟ್ಟಿಕೊಂಡು ನಡೆಯುವುದು ಲೆಕ್ಕಕ್ಕಿಲ್ಲ. ಅಭ್ಯಾಸ ಆದಮೇಲೆ ಕೆಂಪೇಗೌಡರ ಗೋಪುರ ಇರುವ ಬಂಡೆಯನ್ನು ಎರಡು ಸಲ ಹತ್ತಿ ಇಳಿಯಿರಿ, ಗೊತ್ತಾಗುತ್ತದೆ. ಮಳೆ ಬಂದರೆ ಅಪಾರ್ಟ್‌ಮೆಂಟ್ ಮೆಟ್ಟಿಲು ಇದ್ದೇ ಇದೆ.

ವಾರಕ್ಕೆ ಎರಡು ದಿನ ಸ್ನಾಯುಗಳಿಗೂ ಕೆಲಸ ಕೊಡಿ, ಸಕ್ಕರೆ ಖರ್ಚಾಗುವುದೇ ಅಲ್ಲಿ. ಜಿಮ್ ಬೇಡ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳಿ, ಗೋಡೆಗೆ ಕೈ ಕೊಟ್ಟು ಹತ್ತು ಸಲ ತಳ್ಳಿ, ಲೀಟರ್ ಬಾಟಲಿ ಹಿಡಿದು ಕೈ ಎತ್ತಿ ಇಳಿಸಿ. ಉಸಿರು ಮಾತ್ರ ಕಟ್ಟಬೇಡಿ, ಬಿಪಿ ಏರುತ್ತದೆ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ (ಶುಗರ್ ಇಳಿಸುವ ಮಾತ್ರೆ) ತೆಗೆದುಕೊಳ್ಳುವವರು ಇದನ್ನು ಸರಿಯಾಗಿ ಓದಿ. ಒಂದು ದಿನ ಮಾತ್ರೆ ನುಂಗಿ, ಏನೂ ತಿನ್ನದೆ ಹೋಗಿದ್ದೆ. ಕೆರೆ ಹತ್ತಿರ ಬರುವಷ್ಟರಲ್ಲಿ ಶುಗರ್ ಕುಸಿದು ಕಾಲು ಹತ್ತಿಯ ಹಾಗಾಯಿತು, ಅಂಗಿ ಒದ್ದೆ. ಜೇಬಿನಲ್ಲಿ ಗ್ಲುಕೋಸ್ ಪುಡಿಯ ಪೊಟ್ಟಣ ಇತ್ತು, ಆದರೆ ಕೈ ನಡುಗಿ ಹರಿಯಲು ಆಗಲಿಲ್ಲ. ಬೆಂಚಿನಲ್ಲಿ ಕೂತಿದ್ದ ಅಜ್ಜಿ ಹಲ್ಲಲ್ಲಿ ಕಚ್ಚಿ ಹರಿದುಕೊಟ್ಟರು, "ಮೊದಲು ತಿನ್ನಪ್ಪ, ಆಮೇಲೆ ಮಾತಾಡು" ಅಂದರು. ಈಗ ಮೂರು ಚಮಚ ಸಕ್ಕರೆಯನ್ನು ಸಣ್ಣ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತೇನೆ, ಮುಚ್ಚಳ ಸುಲಭವಾಗಿ ತೆಗೆಯುವಂಥದ್ದು. ಶುಗರ್ 70ಕ್ಕಿಂತ ಕೆಳಗೆ ಬಂದರೆ ಅದನ್ನು ತಿಂದು, 15 ನಿಮಿಷ ಕೂತು, ಮತ್ತೆ ಚೆಕ್ ಮಾಡಬೇಕು. ಹೊರಡುವ ಮುಂಚೆಯೇ 90ಕ್ಕಿಂತ ಕಡಿಮೆ ಇದ್ದರೆ ಒಂದು ಬಾಳೆಹಣ್ಣು ತಿಂದು ಹೊರಡಿ. ಮಾತ್ರೆ ಡೋಸ್ ನೀವೇ ಬದಲಾಯಿಸಬೇಡಿ.

ಶೂ ಹಾಕುವ ಮುಂಚೆ ತಲೆಕೆಳಗು ಮಾಡಿ ಕುಟ್ಟಿ. ಪಾದ ಜೋಮು ಹಿಡಿದವರಿಗೆ ಒಳಗಿರುವ ಕಲ್ಲು ಗೊತ್ತೇ ಆಗುವುದಿಲ್ಲ, ಗಾಯ ಆದಮೇಲೆ ಗೊತ್ತಾಗುತ್ತದೆ. ನಮ್ಮ ಫುಟ್‌ಪಾತ್ ಬಗ್ಗೆ ಏನೂ ಹೇಳುವುದಿಲ್ಲ, ಸ್ಲ್ಯಾಬ್ ನೋಡಿಕೊಂಡು ಹೆಜ್ಜೆ ಇಡಿ.

ಹಾರ್ಟ್ ಸುತ್ತಲಿನದು ಎಷ್ಟು ಇಳಿಯಿತು ಅಂತ ನೋಡಲು ಯಾರೂ ಎಂಆರ್‌ಐ ಮಾಡಿಸಬೇಕಾಗಿಲ್ಲ. ತಿಂಗಳಿಗೊಮ್ಮೆ ಖಾಲಿ ಹೊಟ್ಟೆಯಲ್ಲಿ ಅದೇ ಟೇಪ್ ಹಿಡಿಯಿರಿ. ನನಗೆ ಮೊದಲ ಎರಡು ತಿಂಗಳು ಏನೂ ಕಾಣಲಿಲ್ಲ. ಐದನೇ ತಿಂಗಳು ಬೆಲ್ಟಿಗೆ ಹೊಸ ತೂತು ಹಾಕಿಸಲು ಗಾಂಧಿಬಜಾರ್‌ನಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ಹೋದೆ. ಹತ್ತು ರೂಪಾಯಿ ತೆಗೆದುಕೊಂಡರು.